ರಾಡ್ ತೆಗೆಸುವ ಮುನ್ನ ಆ ಸ್ಟಿಕ್ಕರ್ ಹುಡುಕಿ

ಕೈಕಾಲು ಮುರಿದು ಒಳಗೆ ರಾಡ್, ಪ್ಲೇಟ್ ಹಾಕಿಸಿಕೊಂಡಿರುವ ಎಲ್ಲರಲ್ಲೂ ಒಂದು ಕೋರಿಕೆ: ಆಪರೇಷನ್ನಿನ ಕಾಗದಗಳನ್ನು ಎಸೆಯಬೇಡಿ. ಎಕ್ಸ್‌ರೇ ಫಿಲ್ಮುಗಳನ್ನು ವರ್ಷಗಟ್ಟಲೆ ಬೀರುವಿನ ಮೇಲೆ ಜೋಪಾನ ಮಾಡುವ ನಾವು, ಪ್ಲೇಟಿನ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆ ಇರುವ ಪುಟ್ಟ ಸ್ಟಿಕ್ಕರನ್ನು ಕೇಳಿ ಪಡೆಯುವುದೇ ಇಲ್ಲ.

ಅದರ ಬೆಲೆ ತಿಳಿಯುವುದು ತೆಗೆಸುವಾಗ. ಸ್ಕ್ರೂ ತಲೆಯ ಗುಳಿ ಕೆಲವದರಲ್ಲಿ ಷಟ್ಕೋನ, ಕೆಲವದರಲ್ಲಿ ನಕ್ಷತ್ರಾಕಾರ. ಅಳತೆಯೂ ಒಂದೇ ಅಲ್ಲ. ಹೊಂದದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಗುಳಿ ಸವೆದುಹೋಗುತ್ತದೆ, ಸ್ಕ್ರೂ ಕದಲುವುದಿಲ್ಲ. ಟೈಟಾನಿಯಂ ಲಾಕಿಂಗ್ ಪ್ಲೇಟಿನ ಕಥೆ ಇನ್ನೂ ಕಷ್ಟ. ಅಲ್ಲಿ ಸ್ಕ್ರೂ ತಲೆಗೂ ಥ್ರೆಡ್ ಇದೆ. ಹಾಕುವಾಗ ಓರೆಯಾಗಿ ಕೂತಿದ್ದರೆ, ಅತಿಯಾಗಿ ಬಿಗಿದಿದ್ದರೆ, ಬೆಸುಗೆ ಹಾಕಿದಂತೆ ಕಚ್ಚಿಕೊಂಡಿರುತ್ತದೆ. ಆಗ ಕಾರ್ಬೈಡ್ ಡ್ರಿಲ್ಲಿನಿಂದ ತಲೆಯನ್ನೇ ಕೊರೆಯಬೇಕು. ತುಂಡಾಗಿ ಒಳಗುಳಿದ ಸ್ಕ್ರೂವಿಗೆ ಸುತ್ತಲಿನ ಮೂಳೆಯನ್ನೂ ಟೊಳ್ಳು ಡ್ರಿಲ್ಲಿನಿಂದ ಕತ್ತರಿಸಬೇಕಾಗಬಹುದು. ಕೆಲವೊಮ್ಮೆ ಆ ತುಂಡನ್ನು ಅಲ್ಲೇ ಬಿಟ್ಟು ಹೊಲಿಗೆ ಹಾಕುವುದೇ ಜಾಣತನ. ಅದಕ್ಕೆ ಡಾಕ್ಟರನ್ನು ದೂರಬೇಡಿ.

ಇನ್ನೊಂದು ಮಾತು. "ಮೂಳೆ ಕೂಡಿತಲ್ಲ, ತೆಗೆದುಬಿಡಿ" ಎಂದು ಹಟ ಹಿಡಿಯುವ ಮೊದಲು, ತೆಗೆಯಲೇಬೇಕೇ ಎಂದು ಕೇಳಿ. ಸೋಂಕು, ಚರ್ಮದಡಿ ಚುಚ್ಚುವ ಸ್ಕ್ರೂ, ಬೆಳೆಯುವ ಮಗುವಿನ ಮೂಳೆ: ಇವು ಕಾರಣಗಳೇ. ಒಳಗೆ ತುಕ್ಕು ಹಿಡಿದೀತು ಎಂಬ ನೆರೆಮನೆಯ ಭಯ ಕಾರಣವಲ್ಲ. ತೊಂದರೆ ಕೊಡದ ಪ್ಲೇಟು ದೊಡ್ಡವರಲ್ಲಿ ಸಾಮಾನ್ಯವಾಗಿ ಜೀವನವಿಡೀ ಇರಬಹುದು. ತೋಳಿನ ಪ್ಲೇಟ್ ತೆಗೆಯುವಾಗ ರೇಡಿಯಲ್ ನರಕ್ಕೆ ಪೆಟ್ಟಾದರೆ ಮಣಿಕಟ್ಟು ಎತ್ತಲಾಗದೆ ಕೈ ಜೋತುಬೀಳುತ್ತದೆ. ಮುಂದೋಳಿನ ಮೂಳೆಯಂತೂ ಸ್ಕ್ರೂ ತೆಗೆದ ತೂತುಗಳ ಜಾಗದಲ್ಲೇ ಮತ್ತೆ ಮುರಿಯಬಲ್ಲದು. ತೆಗೆಸಿಕೊಂಡ ಮೇಲೆ ಡಾಕ್ಟರ್ ಒಪ್ಪುವವರೆಗೆ ಮೂಟೆ ಎತ್ತಬೇಡಿ, ಬೈಕ್ ಹತ್ತಬೇಡಿ.

ಕಾಗದ ಕಳೆದವರು ಇಂದೇ ಹಳೆಯ ಆಸ್ಪತ್ರೆಗೆ ಅರ್ಜಿ ಕೊಡಿ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆದರೆ ಅದನ್ನು ಕಾದಿಡಬೇಕಾದ ಅವಧಿ ಚಿಕಿತ್ಸೆ ಶುರುವಾದಂದಿನಿಂದ ಮೂರೇ ವರ್ಷ. ರಾಡ್ ತೆಗೆಸುವ ಯೋಚನೆ ಬರುವುದು ಎಷ್ಟೋ ಸಲ ಅದಾದ ಮೇಲೆ! ಸ್ಟಿಕ್ಕರಿನ ಫೋಟೊ ತೆಗೆದು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ.

ಆಸ್ಪತ್ರೆಗಳಿಗೂ ಇದೇ ವಿನಂತಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ "ಪ್ಲೇಟ್ ಹಾಕಲಾಗಿದೆ" ಎಂದಷ್ಟೇ ಬರೆದು ಮುಗಿಸದೆ, ಯಾವ ಕಂಪನಿಯದು, ಯಾವ ಲೋಹ, ಯಾವ ಸ್ಕ್ರೂಡ್ರೈವರ್ ಬೇಕು ಎಂಬುದನ್ನೂ ಬರೆಯಿರಿ. ಮುಂದೆ ಬೇರೊಂದು ಊರಿನಲ್ಲಿ ಅದನ್ನು ತೆಗೆಯಬೇಕಾದ ಸರ್ಜನ್ ಓದುವುದು ಆ ಸಾಲನ್ನೇ.