ಪಿಯುಸಿ ತಪ್ಪಿಸಲೊಂದು ಪಾಸ್‌ಪೋರ್ಟ್

ಕಳೆದ ತಿಂಗಳು ತುಮಕೂರಿನಲ್ಲೊಂದು ಬೀಗರೂಟ. ಎರಡನೇ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಬೆಂಗಳೂರಿನ ಐಟಿ ದಂಪತಿ, ನಮಗೆ ದೂರದ ನೆಂಟರು. ಮುದ್ದೆ ಮುರಿಯುತ್ತಲೇ ಆ ಹೆಣ್ಣುಮಗಳು ಶುರುಮಾಡಿದಳು: “ಈ ಕಾಲದಲ್ಲಿ ಮಕ್ಕಳಿಗೆ ಪಿಯುಸಿ ಓದಿಸೋದು ಅಂದ್ರೆ ದ್ರೋಹ, ದೊಡ್ಡಪ್ಪ. ನಾವಂತೂ ಟೆಂತ್ ಆದ ಕೂಡ್ಲೇ ಅಮೆರಿಕಕ್ಕೆ ಕಳಿಸ್ತಿದ್ದೀವಿ. ಟ್ವೆಲ್ತ್ ಅಲ್ಲೇ ಮುಗಿಸಿದ್ರೆ ಮುಂದೆ ಕಾಲೇಜು ಸಲೀಸು.” 31 ವರ್ಷ ಸರ್ಕಾರಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನ ಎಲೆಯ ಪಕ್ಕ ಕೂತು ಆಡಿದ ಮಾತಿದು. ಬೀಗರ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನಿದ್ದೆ. ಇಲ್ಲಿ ಆಡುತ್ತೇನೆ.

ಸಲೀಸು! ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಓಡಾಡುವುದು ಈ ಪದ, ಸ್ಟಾರ್ ಹೋಟೆಲಿನ ಹಾಲ್ ಹಿಡಿದು ಭಾನುವಾರದ ‘ಎಜುಕೇಶನ್ ಫೇರ್’ ನಡೆಸುವವರು ಮಾರುವುದೂ ಇದೇ ಪದ. ಕೋಟು ತೊಟ್ಟ ಏಜೆಂಟ್ ಕಾಫಿ ಕೊಡುತ್ತಾನೆ, ಹಸಿರು ಹುಲ್ಲಿನ ಮೇಲೆ ನಗುವ ಮಕ್ಕಳ ಚಿತ್ರ ತೋರಿಸುತ್ತಾನೆ, ಕಾನೂನನ್ನು ಮಾತ್ರ ತೋರಿಸುವುದಿಲ್ಲ.

ಕಾನೂನು ಇದು. ಎಫ್-1 ವೀಸಾದಲ್ಲಿ ಹೋದ ವಿದ್ಯಾರ್ಥಿ ಅಮೆರಿಕದ ಸರ್ಕಾರಿ ಹೈಸ್ಕೂಲಿನಲ್ಲಿ ಓದಬಹುದಾದದ್ದು ಒಟ್ಟು 12 ತಿಂಗಳು ಮಾತ್ರ. ಅದೂ ಪುಕ್ಕಟೆಯಲ್ಲ, ಆ ಊರಿನ ಶಾಲಾ ಆಡಳಿತ ಒಂದು ಮಗುವಿಗೆ ಮಾಡುವ ಪೂರ್ತಿ ಖರ್ಚನ್ನು ಇವನು ಮುಂಚೆಯೇ ಕಟ್ಟಬೇಕು. 1996ರಿಂದ ಇರುವ ನಿಯಮ, ನಿನ್ನೆ ಮೊನ್ನೆ ಬಂದದ್ದಲ್ಲ. ಹನ್ನೊಂದು, ಹನ್ನೆರಡು ಎರಡೂ ಅಲ್ಲೇ ಆಗಬೇಕೆಂದರೆ ಖಾಸಗಿ ಶಾಲೆಯೇ ಗತಿ. ಹೆಸರುವಾಸಿ ಬೋರ್ಡಿಂಗ್ ಶಾಲೆಗಳಲ್ಲಿ ವರ್ಷದ ಶುಲ್ಕ 70 ಸಾವಿರ ಡಾಲರ್ ಆಸುಪಾಸು. ಅರವತ್ತು ಲಕ್ಷ ರೂಪಾಯಿ ಅನ್ನಿ. ಪಿಯುಸಿ ಎಂಬ ದ್ರೋಹಕ್ಕೆ ನಮ್ಮ ಸರ್ಕಾರಿ ಕಾಲೇಜಿನಲ್ಲಿ ಕೆಲವು ಸಾವಿರ ಸಾಕು.

ಹೋಗಲಿ, ದುಡ್ಡಿದ್ದವರ ದುಡ್ಡು. ಅಷ್ಟು ಸುರಿದರೆ ಕಾಲೇಜಿನ ಹೊತ್ತಿಗೆ ಹುಡುಗ ‘ಅಲ್ಲಿನವನು’ ಆಗುತ್ತಾನೆಯೇ? ಇಲ್ಲ. ಎರಡು ವರ್ಷ ಅಲ್ಲಿನ ನೀರು ಕುಡಿದರೂ ಎಫ್-1 ಹುಡುಗ ಕಾಲೇಜಿನ ಅರ್ಜಿಯಲ್ಲಿ ವಿದೇಶಿ ವಿದ್ಯಾರ್ಥಿಯೇ. ರಾಜ್ಯದ ಮಕ್ಕಳಿಗಿರುವ ಕಡಿಮೆ ಶುಲ್ಕ ಅವನಿಗಿಲ್ಲ, ಅಲ್ಲಿನ ಕೇಂದ್ರ ಸರ್ಕಾರದ ನೆರವೂ ಇಲ್ಲ. ಬ್ರಿಟನ್ನಿನವರು ಇನ್ನೂ ಚೊಕ್ಕವಾಗಿ ಬರೆದಿಟ್ಟಿದ್ದಾರೆ: ಓದಲಿಕ್ಕೆಂದೇ ಬಂದು ಕಳೆದ ವರ್ಷಗಳು ಸ್ಥಳೀಯ ಶುಲ್ಕದ ಲೆಕ್ಕಕ್ಕೆ ಬರುವುದಿಲ್ಲ. ಕೆನಡಾದ ಕತೆ ಏಜೆಂಟರಿಗೆ ಬಲು ಇಷ್ಟ. 2024ರ ಜನವರಿಯಲ್ಲಿ ಆ ದೇಶ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿದಾಗ ಶಾಲಾ ಮಕ್ಕಳನ್ನು ಆ ಮಿತಿಯಿಂದ ಹೊರಗಿಟ್ಟಿತು. ಕಾಲೇಜಿನ ಬಾಗಿಲಲ್ಲಿ ನೂಕುನುಗ್ಗಲಾದರೆ ಹೈಸ್ಕೂಲಿನ ಕಿಟಕಿಯಲ್ಲಿ ತೂರಿಸಿ ಅನ್ನುವ ಉಪಾಯ! ತೂರುವವನಿಗೆ ಹದಿನಾರು ವರ್ಷ. ಹದಿನೇಳು ತುಂಬದವನು ಅಪ್ಪ ಅಮ್ಮ ಜೊತೆಗಿಲ್ಲದೆ ಹೋದರೆ ಅಲ್ಲೊಬ್ಬ ‘ಕಸ್ಟೋಡಿಯನ್’ ಬೇಕು. ಹೆತ್ತವರು ಬದುಕಿರುವಾಗಲೇ ಮಗನಿಗೊಬ್ಬ ಪೋಷಕನನ್ನು ಗೊತ್ತುಮಾಡುವ ಭಾಗ್ಯ.

“ಅಮೆರಿಕದ ಕಾಲೇಜುಗಳಿಗೆ ಪಿಯುಸಿ ಎಂದರೇನೆಂದೇ ಗೊತ್ತಿಲ್ಲ” ಎಂದೂ ಆಕೆ ಹೇಳಿದಳು. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತದ ವಿದ್ಯಾರ್ಥಿಗಳು 3,31,602. ಬೇರೆ ಯಾವ ದೇಶದಿಂದಲೂ ಅಷ್ಟು ಜನ ಇರಲಿಲ್ಲ, ಚೀನಾದಿಂದಲೂ. ಅವರಲ್ಲಿ ಪದವಿ ಓದುತ್ತಿದ್ದವರು ಸುಮಾರು 36 ಸಾವಿರ. ಸ್ನಾತಕೋತ್ತರ ಮಟ್ಟದಲ್ಲಿದ್ದವರು ಹತ್ತಿರ ಹತ್ತಿರ ಎರಡು ಲಕ್ಷ. ಅಂದರೆ ಇಲ್ಲೇ ಪದವಿ ಮುಗಿಸಿ, ವಿಟಿಯು ಅಂಕಪಟ್ಟಿ ಹಿಡಿದು ಹೋದಂಥವರು. ನನ್ನ ಬೆಂಚಿನ ಮೇಲೆ ಕೂತು ಓಮ್‌ನ ನಿಯಮ ಬಾಯಿಪಾಠ ಮಾಡಿದ ಶಿರಾ, ಪಾವಗಡದ ಮಕ್ಕಳೂ ಆ ಲೆಕ್ಕದಲ್ಲಿದ್ದಾರೆ. ಅವರಿಗೆ ಅಡ್ಡ ಬರದ ಪಿಯುಸಿ ಇಂದಿರಾನಗರದ ಹುಡುಗನಿಗೆ ಮಾತ್ರ ಹೇಗೆ ಅಡ್ಡ ಬಂತು? ಪದವಿಗೇ ಹೋಗಬೇಕೆನ್ನುವ ಹಟವಿದ್ದರೆ ಎಸ್‌ಎಟಿ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಅದಕ್ಕೆ ವಿಮಾನ ಬೇಡ, ಮೆಟ್ರೊ ಸಾಕು.

ಪಿಯುಸಿಯನ್ನು ನಾನು ಪೂಜೆ ಮಾಡುತ್ತಿಲ್ಲ. ಬೆಳಗಿನ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತರವರೆಗೆ ಮಕ್ಕಳನ್ನು ರುಬ್ಬುವ ‘ಇಂಟಿಗ್ರೇಟೆಡ್’ ಹಾಸ್ಟೆಲುಗಳನ್ನು ಕಂಡರೆ ನನಗೂ ಮೈಯುರಿಯುತ್ತದೆ. ಆದರೆ ಅವುಗಳನ್ನು ಸಾಕಿದವರು ಯಾರು? ಡೊನೇಶನ್ ಕೊಟ್ಟು ಕ್ಯೂ ನಿಂತವರು ಇದೇ ಜನ. ಸರ್ಕಾರದ ಚೆಂದ ಇನ್ನೊಂದು. ನಾಲ್ಕು ವರ್ಷದ ಪದವಿ ಎಂದು 2021ರಲ್ಲಿ ಕುಣಿದು, 2024ರಲ್ಲಿ ಮತ್ತೆ ಮೂರೇ ವರ್ಷ ಎಂದಿತು. ಅದೇ 2024ರಲ್ಲಿ 5, 8, 9ನೇ ತರಗತಿಯ ಪುಟ್ಟ ಮಕ್ಕಳ ಪರೀಕ್ಷೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇದನ್ನು ನೋಡಿ ಹೆತ್ತವರ ತಲೆ ಕೆಡುವುದು ಸಹಜ. ಆದರೆ ತಲೆ ಕೆಟ್ಟಾಗಲೆಲ್ಲ ಇವರು ಮಾಡಿದ್ದು ಒಂದೇ ಕೆಲಸ, ಎದ್ದು ಹೋಗುವುದು. ಮೊದಲು ಸರ್ಕಾರಿ ಶಾಲೆ ಬಿಟ್ಟರು. ಆಮೇಲೆ ಕನ್ನಡ ಮಾಧ್ಯಮ. ಆಮೇಲೆ ಸ್ಟೇಟ್ ಸಿಲಬಸ್ ಬಿಟ್ಟು ಸಿಬಿಎಸ್‌ಇ, ಅದನ್ನು ಬಿಟ್ಟು ಐಬಿ. ಈಗ ದೇಶವನ್ನೇ ಬಿಡುವ ಸರದಿ. ಪ್ರತಿ ಸಲ ಇವರು ಹೊರಟಾಗಲೂ ಕೂಗಿ ಕೇಳಬಲ್ಲ ಬಾಯಿಗಳೇ ಹೊರಟುಹೋದವು. ಉಳಿದವರು ಅತಿಥಿ ಉಪನ್ಯಾಸಕರು, ಮತ್ತು ಸಂಜೆ ನಾಲ್ಕರ ಬಸ್ಸು ತಪ್ಪಿದರೆ ಊರು ಸೇರಲಾಗದ ಮಕ್ಕಳು. ನನ್ನ ಕಾಲೇಜಿನ ಲ್ಯಾಬಿಗೆ ಒಂದು ಸರಿಯಾದ ಗ್ಯಾಲ್ವನೋಮೀಟರ್ ತರಿಸಲು ನಾನು ಎಷ್ಟು ಪತ್ರ ಬರೆದೆ ಎಂಬುದು ಬೇರೆಯೇ ಪುರಾಣ, ಬಿಡಿ.

ಬೀಗರೂಟದ ದಿನ ಆ ದಂಪತಿಯ ಮಗನೂ ಇದ್ದ. ಕೈ ತೊಳೆಯುವ ನಲ್ಲಿಯ ಹತ್ತಿರ ಸಿಕ್ಕಾಗ ಕೇಳಿದೆ: “ಏನಪ್ಪಾ, ಅಮೆರಿಕಕ್ಕೆ ಹೊರಟೆಯಂತೆ?” ಕೈ ಒರೆಸಿಕೊಳ್ಳುತ್ತ ಅಂದ, “ಅಮ್ಮ ಹೇಳಿದ್ರಾ ತಾತ? ನನಗೆ ಈ ವರ್ಷ ಅಂಡರ್ ಸೆವೆಂಟೀನ್ ಟೀಮಿನ ಕ್ಯಾಪ್ಟನ್ ಮಾಡ್ತೀನಿ ಅಂದಿದ್ರು ಕೋಚು.” ಅಷ್ಟೇ. ಹೋಗುತ್ತೇನೆ ಅನ್ನಲಿಲ್ಲ, ಒಲ್ಲೆ ಅನ್ನಲೂ ಇಲ್ಲ. ಅವನನ್ನು ಕೇಳಿದವರು ಯಾರೂ ಇದ್ದಂತೆ ಕಾಣಲಿಲ್ಲ.

ಈ ಭಾನುವಾರವೂ ಯಾವುದೋ ಹೋಟೆಲಿನಲ್ಲಿ ಫೇರ್ ಇದ್ದೇ ಇರುತ್ತದೆ. ಹೋಗುವವರು ಹೋಗಿ, ಕಾಫಿಯನ್ನೂ ಕುಡಿಯಿರಿ. ಆಮೇಲೆ ಆ ಕೋಟಿನವನನ್ನು ಎರಡು ಮಾತು ಕೇಳಿ: ನನ್ನ ಮಗ ಸರ್ಕಾರಿ ಹೈಸ್ಕೂಲಿನಲ್ಲಿ 12 ತಿಂಗಳಿಗಿಂತ ಒಂದು ದಿನ ಹೆಚ್ಚು ಓದಬಹುದೇ? ಮುಗಿಸಿದ ಮೇಲೆ ಕಾಲೇಜಿನಲ್ಲಿ ಅವನದು ಸ್ಥಳೀಯ ಶುಲ್ಕವೋ, ವಿದೇಶಿ ಶುಲ್ಕವೋ? ಬಾಯಿಮಾತು ಬೇಡ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಬರೆದು, ಸಹಿ ಮಾಡಿ, ಸೀಲು ಹಾಕಿ ಕೊಡಲು ಹೇಳಿ.