ಜಾಗ ನೋಡಲು ಜುಲೈಯಲ್ಲಿ ಹೋಗಿ

ಮಂಗಳೂರು ನಗರದೊಳಗೆ ಮನೆ ಮಾಡುವುದು ನಮ್ಮಂಥವರಿಗೆ ಆಗದ ಮಾತು. ಹಾಗಾಗಿ ಎಲ್ಲರ ಕಣ್ಣು ನೇತ್ರಾವತಿ ಸೇತುವೆಯ ಆಚೆಗಿನ ತೊಕ್ಕೊಟ್ಟು, ಉಳ್ಳಾಲ, ಸೋಮೇಶ್ವರದ ಮೇಲೆ. ತಪ್ಪೇನಿಲ್ಲ. ಬಸ್ಸಿದೆ, ರೈಲಿದೆ, ದೇರಳಕಟ್ಟೆಯ ಆಸ್ಪತ್ರೆ, ಕಾಲೇಜುಗಳೂ ಹತ್ತಿರ. ನಮ್ಮ ಮನೆಯಲ್ಲೂ ಈಗ ಇದೇ ಚರ್ಚೆ. ಅಪ್ಪ ಕೂಡಿಟ್ಟ ಹಣಕ್ಕೆ ಬ್ಯಾಂಕ್ ಸಾಲ ಸೇರಿದರೆ ಕಡಲ ಬದಿಯಲ್ಲಿ ಐದು ಸೆಂಟ್ಸ್ ಜಾಗ ಸಿಗುತ್ತದಂತೆ.

ನನ್ನ ತಕರಾರು ಆ 'ಕಡಲ ಬದಿ'ಯ ಬಗ್ಗೆ. ಬ್ರೋಕರ್‌ಗಳು ಜಾಗ ತೋರಿಸುವುದು ಕಡಲು ತಣ್ಣಗಿರುವ ಜನವರಿಯಲ್ಲಿ. ಜುಲೈಯಲ್ಲಿ ಉಳ್ಳಾಲ, ಉಚ್ಚಿಲ, ಬಟ್ಟಪ್ಪಾಡಿಗೆ ಹೋಗಿ ನೋಡಿ. ತೆಂಗಿನಮರ, ರಸ್ತೆ, ಮನೆ ಎಲ್ಲವೂ ಅಲ್ಲಿ ಕಡಲ್ಕೊರೆತಕ್ಕೆ ಹೋಗಿವೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಕಡಲೊಳಗೆ ರೀಫ್ ಕಟ್ಟಿದ್ದೂ ಆಯಿತು. ಆದರೆ ದಡದಲ್ಲಿ ಒಂದೆಡೆ ಕಲ್ಲು ಹಾಕಿದರೆ ಅದರ ತುದಿಯಾಚೆ ಕೊರೆತ ಹೆಚ್ಚುತ್ತದೆ. ಸಿವಿಲ್‌ನವರಿಗೆ ಇದು ಪಾಠ, ಮೀನುಗಾರರಿಗೆ ಅನುಭವ.

'9/11 ಇದೆ, ಕನ್ವರ್ಷನ್ ಆಗಿದೆ' ಎಂದರೆ ಸಾಲದು. 2019ರ ಸಿಆರ್‌ಝಡ್ ಅಧಿಸೂಚನೆಯ ನಿಯಮಗಳು ಕಡಲಿನ ಭರತರೇಖೆಯಿಂದ 500 ಮೀಟರ್‌ವರೆಗೆ ಅನ್ವಯಿಸುತ್ತವೆ. 'ಬೀಚ್‌ಗೆ ಐದೇ ನಿಮಿಷ' ಎನ್ನುವ ಜಾಹೀರಾತಿನಲ್ಲಿ ಈ ಪದ ನನಗಂತೂ ಕಂಡಿಲ್ಲ. ಏಪ್ರಿಲ್‌ನಲ್ಲಿ ಪಕ್ಕದ ಮನೆಯ ಬಾವಿ ನೀರನ್ನೂ ಒಮ್ಮೆ ಬಾಯಿಗೆ ಹಾಕಿ ನೋಡಿ, ಉಪ್ಪಾಗಿದ್ದರೆ ವಾಪಸ್ ಬನ್ನಿ.

ಹೆದ್ದಾರಿಯ ಪೂರ್ವಕ್ಕೆ, ಕುತ್ತಾರಿನ ಕಡೆ ಮೂರೇ ಸೆಂಟ್ಸ್ ಸಿಕ್ಕರೂ ಸಾಕೆಂದು ನನ್ನ ವಾದ. ಅಪ್ಪನಿಗೆ ಕಡಲ ಗಾಳಿಯೇ ಬೇಕು. ಸಾಲ 20 ವರ್ಷದ್ದು, ಕೆಲಸ ಸಿಕ್ಕ ಮೇಲೆ ಕಂತು ಕಟ್ಟುವವಳು ನಾನು. ಮಳೆಗಾಲ ಮುಗಿಯುವವರೆಗೆ ಅಡ್ವಾನ್ಸ್ ಕೊಡುವುದಿಲ್ಲ ಎಂಬಷ್ಟಕ್ಕೆ ಸದ್ಯ ಒಪ್ಪಿದ್ದಾರೆ.