ಕುರ್ಚಿಯ ಹಿಂದಿನ ಕಾಡು

ನಗರದ ಹೊಸ ಮನೆಗಳಲ್ಲಿ ವಿದೇಶಿ ವಿನ್ಯಾಸದ ಕುರ್ಚಿ ಪ್ರತಿಷ್ಠೆಯ ಕುರುಹಾಗಿದೆ. ಅವುಗಳಲ್ಲಿ ಹೆಸರಾದದ್ದು ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1956ರಲ್ಲಿ ರೂಪಿಸಿದ ಒರಗುಕುರ್ಚಿ. ಅದರ ಬಾಗಿದ ಪ್ಲೈವುಡ್ಡಿಗೆ ಮೊದಲು ಹೊದಿಸುತ್ತಿದ್ದುದು ಬ್ರೆಜಿಲ್ ಕರಾವಳಿ ಕಾಡಿನ ಬೀಟೆಯ ತೆಳುಪದರ. ಆ ಮರ ವಿರಳವಾಯಿತು. 1992ರಲ್ಲಿ ‘ಸೈಟಿಸ್’ ಒಪ್ಪಂದವು ಅದರ ಅಂತರರಾಷ್ಟ್ರೀಯ ವಾಣಿಜ್ಯವನ್ನು ನಿಷೇಧಿಸಿತು. ಕುರ್ಚಿ ಮಾತ್ರ ಬೇರೆ ಮರಗಳಲ್ಲಿ ಇಂದಿಗೂ ತಯಾರಾಗುತ್ತಿದೆ. ಅಂದರೆ, ಅದರ ಚೆಲುವಿಗೆ ಆ ಮರದ ಬಲಿ ಅನಿವಾರ್ಯವಾಗಿರಲಿಲ್ಲ.

ನಮ್ಮ ಘಟ್ಟದ ಬೀಟೆಯೂ ಅದೇ ಕುಲದ್ದು. 2017ರಿಂದ ಅದರ ವಿದೇಶಿ ವ್ಯಾಪಾರಕ್ಕೂ ಸೈಟಿಸ್ ಕಡಿವಾಣವಿದೆ. ಆದರೆ ಕಾಯಿದೆಯೊಂದೇ ಕಾಡನ್ನು ಕಾಯದು. ಕುರ್ಚಿ ಕೊಳ್ಳುವವರು ಬೆಲೆಯೊಡನೆ ಮರದ ಊರನ್ನೂ ಕೇಳಬೇಕು. ಬೀಟೆಯ ನೆರಳಲ್ಲಿ ಬಾಳುವ ನಾವೇ ಆ ಪ್ರಶ್ನೆಯನ್ನು ಮೊದಲು ಎತ್ತೋಣ.